ಕಪ್ಪು ಅರಗಿನ ಬಾಟಲಿ

ಪ್ಲಾಸಿದಾ ಚಿಕ್ಕಮ್ಮನಿಗೆ ಕಪ್ಪು ಬಣ್ಣ ಕಂಡರಾಗದು. ಗಂಡ ಸತ್ತಾಗ ವರ್ಷವಿಡೀ ಕಪ್ಪು ಉಟ್ಟು ಸಾಕಾಗಿತ್ತೋ ಏನೋ, ಅಂದಿನಿಂದ ಅವಳ ಮನೆಯೊಳಗೆ ಕಪ್ಪು ಬೆಕ್ಕಿಗೂ ಪ್ರವೇಶವಿರಲಿಲ್ಲ. ಅಂಥವಳು ಆ ಭಾನುವಾರ ಬೆಳಿಗ್ಗೆ ಅಡುಗೆಮನೆಗೆ ಕಾಲಿಟ್ಟಾಗ ಮೇಜಿನ ಮೇಲೆ ಕುತ್ತಿಗೆಗೆಲ್ಲ ಕಪ್ಪು ಅರಗು ಮೆತ್ತಿಕೊಂಡ ಬಾಟಲಿಯೊಂದು ನಿಂತಿತ್ತು. ಅಕ್ಕನ ಮಗ ಅನಕ್ಲೇತೊ ಹೆಣ್ಣು ಕೇಳಲು ಹೊರಡುವ ದಿನ ಅದು. ಶುಭಕಾರ್ಯದ ಮನೆಯಲ್ಲಿ ಇದೆಂಥ ಸೂತಕದ ಅಲಂಕಾರ ಎಂದುಕೊಂಡು ಚಿಕ್ಕಮ್ಮ ಚಾಕು ತಂದು ಅರಗನ್ನು ಕೆರೆದು ಹಾಕಿದಳು.

ಕೆರೆದ ಮೇಲೆ ನೋಡಿದರೆ ಪಕ್ಕದ ಎರಡು ಬಾಟಲಿಗಳಿಗೆ ಅರಗಿದೆ, ಒಂದಕ್ಕೆ ಕೆಂಪು, ಇನ್ನೊಂದಕ್ಕೆ ನೀಲಿ. ಇದೊಂದು ಮಾತ್ರ ಬೋಳು. ನಾಲ್ಕು ಜನರೆದುರು ಇಡುವ ಸಾಮಾನು ಒಂದೇ ಥರ ಇರಬೇಡವೇ? ಚಿಕ್ಕಮ್ಮ ಅವನ್ನೂ ಕೆರೆದಳು. ಮೂರನ್ನೂ ಸೋಪು ಹಚ್ಚಿ ತೊಳೆದು, ಒರೆಸಿ, ಕುತ್ತಿಗೆಗೆ ಬಿಳಿ ರಿಬ್ಬನ್ನು ಕಟ್ಟಿ, ಸಾಲಾಗಿ ನಿಲ್ಲಿಸಿ, ಒಳ್ಳೆಯ ಕೆಲಸ ಮಾಡಿದ ತೃಪ್ತಿಯಲ್ಲಿ ಕಾಫಿಗೆ ನೀರಿಟ್ಟಳು.

ಅನಕ್ಲೇತೊ ಕ್ಷೌರದಂಗಡಿಯಿಂದ ಬಂದದ್ದು ಆಗ. ಕೂದಲಿಗೆ ಎಣ್ಣೆ, ಕೆನ್ನೆಗೆ ಪೌಡರು, ಮುಖದ ತುಂಬ ನಗು. ಮೇಜಿನ ಕಡೆ ನೋಡಿದ. ನಗು ಇದ್ದಲ್ಲೇ ಇತ್ತು, ಆದರೆ ಅದರ ಹಿಂದಿದ್ದ ಮನುಷ್ಯ ಎಲ್ಲಿಗೋ ಹೊರಟುಹೋದ.

"ಚಿಕ್ಕಮ್ಮಾ, ಇವುಗಳ ಮೇಲೆ ಬಣ್ಣದ ಅರಗು ಇತ್ತಲ್ಲ."

"ಇತ್ತಪ್ಪ. ಕೆರೆದು ಕೆರೆದು ಉಗುರೇ ಕಿತ್ತುಬಂತು. ಈಗ ನೋಡು ಹೆಂಗವೆ, ಮೊದಲ ಪ್ರಸಾದಕ್ಕೆ ಚರ್ಚಿಗೆ ಹೊರಟ ಹುಡುಗೀರ ಥರ."

"ಕೆಂಪು ಅರಗಿಂದು ನನ್ನ ನೆಬ್ಬಿಯೋಲೊ ವೈನು. ನೀಲಿದು ತೆಂಪ್ರನೀಯೊ. ಕಪ್ಪಿತ್ತಲ್ಲ, ಅದು ನೀನು ಮೆಣಸಿನಕಾಯಿ ಉಪ್ಪಿನಕಾಯಿ ಹಾಕೋಕೆ ಕೇಳಿದ್ಯಲ್ಲ, ಕೆಂಪು ವೈನು ಹುಳಿಸಿ ಮಾಡಿದ್ದು, ಅದು. ವಿನೆಗರ್."

ಚಿಕ್ಕಮ್ಮ ಮೂರು ಬಾಟಲಿಗಳನ್ನೂ ನೋಡಿದಳು. ಅವು ಬಿಳಿ ರಿಬ್ಬನ್ನು ಕಟ್ಟಿಕೊಂಡು ಏನೂ ತಿಳಿಯದವರಂತೆ ನಿಂತಿದ್ದವು.

"ಹೌದಾ," ಎಂದಳು. "ಹಂಗಾದ್ರೆ ಇದರಲ್ಲಿ ಯಾವುದು ವಿನೆಗರ್?"

ಅನಕ್ಲೇತೊ ಕುರ್ಚಿಯ ಮೇಲೆ ಕುಸಿದ.

ಗ್ವಾದಲೂಪೆ ಕಣಿವೆಯ ಸಣ್ಣ ವೈನರಿಗಳಲ್ಲಿ ಬಾಟಲಿಗೆ ಚೀಟಿ ಅಂಟಿಸುವುದು ಅದು ಮಾರಾಟಕ್ಕೆ ಹೊರಡುವ ದಿನ ಮಾತ್ರ. ಅಲ್ಲಿಯವರೆಗೆ ಅರಗಿನ ಬಣ್ಣವೇ ಅದರ ಹೆಸರು, ಜಾತಿ, ವಯಸ್ಸು ಎಲ್ಲ. ಅನಕ್ಲೇತೊ ಕೆಲಸಕ್ಕಿದ್ದ ದೋನ್ಯಾ ಲಿಯೊನೋರಳ ವೈನರಿಯಲ್ಲೂ ಅದೇ ಪದ್ಧತಿ. ಐದು ವರ್ಷದ ಹಿಂದೆ ಆಕೆ ಅವನ ದುಡಿಮೆಗೆ ಮೆಚ್ಚಿ ಇಳಿಜಾರಿನ ಕೊನೆಯ ಸಾಲು ಬಳ್ಳಿಗಳನ್ನೂ ನೆಲಮಾಳಿಗೆಯ ಮೂಲೆಯಲ್ಲಿದ್ದ ಹಳೆಯ ಪೀಪಾಯಿಯೊಂದನ್ನೂ ಅವನಿಗೆ ಬಿಟ್ಟುಕೊಟ್ಟು, "ಏನ್ ಬೇಕಾದ್ರೂ ಮಾಡ್ಕೊ, ನನ್ನ ತಲೆ ತಿನ್ಬೇಡ" ಎಂದಿದ್ದಳು. ಅಂದಿನಿಂದ ಅನಕ್ಲೇತೊ ಆ ಪೀಪಾಯಿಯನ್ನು ಬಾಣಂತಿಯ ಕೋಣೆಯಂತೆ ಕಾದಿದ್ದ. ಬಿಸಿಲು ತಗುಲದಂತೆ, ಗಾಳಿ ಹೊಗದಂತೆ, ಹುಳಿ ಹಿಡಿಯದಂತೆ. ಅದರಿಂದ ಅವನು ಇಲ್ಲಿಯತನಕ ತುಂಬಿಸಿದ್ದು ಒಂದೇ ಬಾಟಲಿ, ಈ ದಿನಕ್ಕೆಂದು.

ಈ ದಿನಕ್ಕೆ ಅಷ್ಟು ಮಹತ್ವ ಯಾಕೆಂದರೆ ಅವನು ಕೇಳಲು ಹೊರಟಿದ್ದ ಹುಡುಗಿ ದೊಮಿತೀಲಾ, ಮತ್ತು ದೊಮಿತೀಲಾಳ ಅಪ್ಪ ದೋನ್ ಕ್ರಿಸ್ಪಿನ್. ಇಡೀ ಕಣಿವೆಗೆ ಅವರದೊಂದೇ ನಾಲಿಗೆ. ಪ್ರತಿ ಆಗಸ್ಟಿನ ಕೊಯ್ಲಿನ ಹಬ್ಬದಲ್ಲಿ ಊರವರು ಮನೆಯಲ್ಲಿ ಮಾಡಿದ ವೈನುಗಳಿಗೆ ತೀರ್ಪು ಹೇಳುತ್ತಿದ್ದವರು ಅವರು. ಅವರ ತೀರ್ಪಿನಲ್ಲಿ ಮೂರೇ ದರ್ಜೆ. ಬಹಳ ಒಳ್ಳೆಯದಕ್ಕೆ "ಕೆಟ್ಟಿಲ್ಲ" ಎನ್ನುತ್ತಿದ್ದರು. ಸುಮಾರಿನದಕ್ಕೆ "ಇರಲಿ". ಕೆಟ್ಟದ್ದಕ್ಕೆ ಮಾತೇ ಇಲ್ಲ, ಲೋಟವನ್ನು ನೆಲಕ್ಕೆ ಬಗ್ಗಿಸುತ್ತಿದ್ದರು. ಮಗಳನ್ನು ಕೇಳಲು ಬರುವವರಿಗೂ ಅವರ ಮನೆಯಲ್ಲಿ ಒಂದು ನಿಯಮವಿತ್ತು. ಅಡುಗೆ ನಮ್ಮದು, ಮೂರು ಬಗೆ. ಒಂದೊಂದಕ್ಕೂ ಹೊಂದುವ ವೈನು ನಿಮ್ಮದು. ಹಿಂದೆ ಬಂದ ಒಬ್ಬ ಕುರಿಮಾಂಸಕ್ಕೆ ಸಿಹಿ ವೈನು ತಂದಿದ್ದ, ಇನ್ನೊಬ್ಬ ಕೆಂಪು ವೈನನ್ನು ಐಸಿನಲ್ಲಿಟ್ಟು ತಂದಿದ್ದ. ಇಬ್ಬರೂ ಈಗ ಬೇರೆ ಕಡೆ ಮದುವೆಯಾಗಿ ಮಕ್ಕಳೊಂದಿಗಿದ್ದಾರೆ. ದೊಮಿತೀಲಾಳಿಗೆ ಮೂವತ್ತು ದಾಟಿತ್ತು.

ಅನಕ್ಲೇತೊನ ಲೆಕ್ಕಾಚಾರ ಪಕ್ಕಾ ಇತ್ತು. ಚಿಪ್ಪಿಕಲ್ಲಿಗೆ ಶೆನಿನ್ ಎಂಬ ಬಿಳಿ ವೈನು. ಅದನ್ನು ಬಿಳಿ ಗಾಜಿನ ಬಾಟಲಿಯಲ್ಲಿ ಬೇರೆಯಾಗಿ ತಣ್ಣೀರಿನಲ್ಲಿ ಇಟ್ಟಿದ್ದುದರಿಂದ ಚಿಕ್ಕಮ್ಮನ ಕೈಯಿಂದ ಬದುಕಿ ಉಳಿದಿತ್ತು. ಗೌಜಲಹಕ್ಕಿಗೆ ತೆಂಪ್ರನೀಯೊ. ಗುಂಡಿಯಲ್ಲಿ ಬೆಂದ ಕುರಿಮರಿಗೆ ತನ್ನ ನೆಬ್ಬಿಯೋಲೊ.

"ವೈನರಿಗೆ ಓಡಿ ಬೇರೆ ತಗೊಂಬಾ ಮತ್ತೆ," ಎಂದಳು ಚಿಕ್ಕಮ್ಮ.

"ಬೀಗ. ದೋನ್ಯಾ ಲಿಯೊನೋರ್ ಎನ್ಸೆನಾದಾ ಪೇಟೆಗೆ ಹೋಗವ್ರೆ. ಬರೋದು ಸಂಜೆಗೆ."

ಇಷ್ಟರಲ್ಲಿ ಪದ್ರಿನೊ ಬೌದೇಲಿಯೊ ಬಂದರು. ಅನಕ್ಲೇತೊ ಮಗುವಾಗಿದ್ದಾಗ ಚರ್ಚಿನಲ್ಲಿ ಎತ್ತಿ ಹಿಡಿದು ಹೆಸರಿಡಿಸಿದ ಧರ್ಮಪಿತ. ಅನಕ್ಲೇತೊನ ಅಪ್ಪ ತೀರಿಕೊಂಡಿದ್ದರಿಂದ ಹೆಣ್ಣು ಕೇಳುವ ಮಾತು ಅವರದೇ. ನಮ್ಮಲ್ಲಿ ಹೆಣ್ಣಿನ ಮನೆಯಲ್ಲಿ ಹುಡುಗ ಬಾಯಿ ತೆರೆಯುವಂತಿಲ್ಲ, ಹಿರಿಯರು ಹೇಳಿದ್ದಕ್ಕೆ ತಲೆಯಾಡಿಸಬೇಕು ಅಷ್ಟೆ. ಪದ್ರಿನೊ ನುಸಿಗುಳಿಗೆಯ ವಾಸನೆಯ ಕೋಟು ತೊಟ್ಟು, ವಾರದಿಂದ ಕನ್ನಡಿಯೆದುರು ಅಭ್ಯಾಸ ಮಾಡಿದ ಭಾಷಣವನ್ನು ತುಟಿಯಲ್ಲೇ ಒದರುತ್ತ ಒಳಬಂದಿದ್ದರು. ಅವರ ಹಿಂದೆ, ಯಾರೂ ಕರೆಯದಿದ್ದರೂ, ಪಕ್ಕದ ಮನೆಯ ನಾಬೋರ್ ಬಂದ. ರಸ್ತೆಬದಿಯಲ್ಲಿ ಚಿಪ್ಪಿಕಲ್ಲು ಮಾರುವ ಅವನಿಗೆ ಗೋಡೆಯಾಚೆಯ ಮಾತು ಚೆನ್ನಾಗಿ ಕೇಳಿಸುತ್ತಿತ್ತು.

"ಇಷ್ಟಕ್ಕೆಲ್ಲ ಅಳ್ತಾರೇನೋ," ಎಂದ ನಾಬೋರ್. ಒಂದು ಬಾಟಲಿಯನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿದ. "ಇದೇ ವಿನೆಗರ್. ಬಣ್ಣ ನೋಡು, ಸುಸ್ತಾಗಿದೆ."

ಕೆಳಗಿಟ್ಟ. ಪದ್ರಿನೊ ಮೂರನ್ನೂ ಆಚೀಚೆ ಸರಿಸಿ, "ಎಲ್ಲಿ, ಮತ್ತೆ ಹೇಳು" ಎಂದರು. ನಾಬೋರ್ ಮತ್ತೊಮ್ಮೆ ಬೆಳಕಿಗೆ ಹಿಡಿದು ಬೇರೊಂದು ಬಾಟಲಿಯನ್ನು ತೋರಿಸಿದ, ಅಷ್ಟೇ ಖಚಿತವಾಗಿ. ಪದ್ರಿನೊ ಒಂದನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದರು. ಐದು ವರ್ಷ ಅಲುಗಾಡದಂತೆ ಕಾದ ವೈನು ಅದಾಗಿದ್ದರೆ ಎಂಬ ಯೋಚನೆಗೇ ಅನಕ್ಲೇತೊ ಎದ್ದು ಅದನ್ನು ಅವರ ಕೈಯಿಂದ ಕಿತ್ತು ಮೇಜಿಗಿಟ್ಟ. ಚಿಕ್ಕಮ್ಮ ತನ್ನ ಕೊರಳಿನ ಸಂತ ಅಂತೋನಿಯ ಪದಕವನ್ನು ದಾರಕ್ಕೆ ಕಟ್ಟಿ ಬಾಟಲಿಗಳ ಮೇಲೆ ತೂಗಿಬಿಟ್ಟಳು. ಕಳೆದುಹೋದದ್ದನ್ನು ಹುಡುಕಿಕೊಡುವುದು ಆ ಸಂತನ ಕೆಲಸ. ಪದಕ ಕಿಟಕಿಯ ಗಾಳಿಗೆ ನಾಬೋರನ ಕಡೆ ವಾಲಿತು.

"ಬಿರಡೆ ತೆಗೆದು ಮೂಸಿದ್ರೆ ಆಯ್ತಪ್ಪ," ಎಂದ ನಾಬೋರ್.

"ಬಿರಡೆ ತೆಗೆದ ಬಾಟಲಿ ಹಿಡ್ಕೊಂಡು ಹೆಣ್ಣು ಕೇಳೋಕೆ ಹೋಗ್ತಾರೇನೋ? ಕುಡಿದು ಮಿಕ್ಕಿದ್ದು ತಂದ್ರು ಅನ್ನಲ್ವಾ?" ಎಂದಳು ಚಿಕ್ಕಮ್ಮ.

ತೊಂದರೆ ಇದ್ದದ್ದೇ ಅಲ್ಲಿ. ಬೆಂಕಿಕಡ್ಡಿ ಹತ್ತುತ್ತದೆಯೋ ಇಲ್ಲವೋ ಎಂದು ಗೀರಿ ನೋಡಿದರೆ ಆಮೇಲೆ ಕಡ್ಡಿ ಉಳಿಯುವುದಿಲ್ಲ. ಪದ್ರಿನೊ ಮೀಸೆ ತಿರುವಿ ಒಂದು ತೀರ್ಮಾನಕ್ಕೆ ಬಂದರು. "ಒಂದನ್ನ ಮಾತ್ರ ತೆಗೆಯೋಣ. ಅದು ವಿನೆಗರ್ ಆಗಿದ್ರೆ ಉಳಿದೆರಡೂ ವೈನು, ಕಷ್ಟವೇ ಇಲ್ಲ."

"ಆಗದಿದ್ರೆ?" ಎಂದ ಅನಕ್ಲೇತೊ.

"ಆಗುತ್ತೆ ಬಿಡೋ. ದೇವರಿದ್ದಾನೆ."

ದೇವರಿದ್ದ, ಆದರೆ ಆ ಹೊತ್ತಿಗೆ ಅವನೂ ಎನ್ಸೆನಾದಾಕ್ಕೆ ಹೋಗಿದ್ದನೋ ಏನೋ. ತೆಗೆದ ಬಾಟಲಿಯಿಂದ ಒಣಗಿದ ಪ್ಲಮ್ಮಿನ, ಹೊಸ ಚರ್ಮದ ಪರಿಮಳ ಬಂತು. ಒಳ್ಳೆಯ ತೆಂಪ್ರನೀಯೊ. ನಾಬೋರ್ ಒಂದು ಲೋಟ ಕುಡಿದು "ಇದು ನೆಬ್ಬಿಯೋಲೊ" ಎಂದ. ಪದ್ರಿನೊ ಒಂದು ಲೋಟ ಕುಡಿದು "ಇರಬಹುದು" ಎಂದರು. ಖಚಿತಪಡಿಸಿಕೊಳ್ಳಲು ಇಬ್ಬರೂ ಇನ್ನೊಂದೊಂದು ಲೋಟ ಕುಡಿದರು. ಖಚಿತವಾಗುವ ಹೊತ್ತಿಗೆ ಬಾಟಲಿ ಖಾಲಿಯಾಗಿತ್ತು.

ಉಳಿದದ್ದು ಎರಡು. ಒಂದು ಅನಕ್ಲೇತೊನ ಐದು ವರ್ಷ. ಇನ್ನೊಂದು ಉಪ್ಪಿನಕಾಯಿ. ಎರಡನ್ನೂ ಒಯ್ಯದೆ ವಿಧಿಯಿರಲಿಲ್ಲ, ಮೂರು ಅಡುಗೆಗೆ ಮೂರು ವೈನು ಬೇಕೇ ಬೇಕು. ಕೊನೆಗೆ ಅನಕ್ಲೇತೊನೇ ಒಂದು ಉಪಾಯ ಮಾಡಿದ. ಅಲ್ಲಿ ಬಿರಡೆ ತೆಗೆಯುವವನು ತಾನೇ. ತೆಗೆದ ತಕ್ಷಣ ಮೂಸುವುದು. ವಿನೆಗರ್ ಎಂದು ಗೊತ್ತಾದರೆ ಕೈಜಾರಿದಂತೆ ಮಾಡಿ ನೆಲಕ್ಕೆ ಬಿಡುವುದು. ಒಂದು ಬಾಟಲಿ ಒಡೆದ ಪೆದ್ದ ಎನಿಸಿಕೊಳ್ಳಬಹುದು, ವಿನೆಗರ್ ಕುಡಿಸಿದವನು ಎನಿಸಿಕೊಳ್ಳಲಾಗದು. ಉಪಾಯ ಚೆನ್ನಾಗಿಯೇ ಇತ್ತು. ನಾಲ್ವರೂ ನಾಬೋರನ ಪಿಕಪ್ಪಿನಲ್ಲಿ ಚಿಪ್ಪಿಕಲ್ಲಿನ ನಾತದ ನಡುವೆ ಕೂತು ಹೊರಟರು. ನಾಬೋರ್ ಯಾಕೆ ಬರುತ್ತಿದ್ದಾನೆಂದು ಯಾರೂ ಕೇಳಲಿಲ್ಲ, ಗಾಡಿ ಅವನದು.

ದೋನ್ ಕ್ರಿಸ್ಪಿನ್ ಅಂಗಳದಲ್ಲಿ ಓಕ್ ಮರದಡಿ ಮೇಜು ಹಾಕಿಸಿದ್ದರು. ಮರದ ಕೊರಡಿನಂತೆ ಒಣಗಿದ ಉದ್ದನೆಯ ಮನುಷ್ಯ, ಬಿಳಿ ಮೀಸೆ. ಅವರ ಎಡಗಡೆ, ಕುರ್ಚಿಗೆ ಕುರ್ಚಿ ತಾಗಿಸಿಕೊಂಡು ದೊಮಿತೀಲಾ ಕೂತಿದ್ದಳು. ಹಬ್ಬದ ತೀರ್ಪಿನ ದಿನವೂ ಅವಳು ಹಾಗೆಯೇ ಅಪ್ಪನ ಎಡಕ್ಕೆ ಕೂತು ಲೋಟ ತೊಳೆದು ಕೊಡುತ್ತಿದ್ದಳು. ಅನಕ್ಲೇತೊನನ್ನು ನೋಡಿ ಕಣ್ಣಲ್ಲೇ ನಕ್ಕಳು. ಅವನಿಗೆ ಅಳು ಬಂದಂತಾಯಿತು.

ಅವನು ಬಿರಡೆ ತೆಗೆಯುವ ತಿರುಪಿಗೆ ಕೈಹಾಕುವಷ್ಟರಲ್ಲಿ ಮುದುಕರು ಅದನ್ನು ತಮ್ಮ ಕಡೆಗೆಳೆದುಕೊಂಡರು. "ನನ್ನ ಮನೇಲಿ ಬಿರಡೆ ನಾನೇ ತೆಗೆಯೋದು."

ಉಪಾಯ ಅಲ್ಲಿಗೆ ಮುಗಿಯಿತು.

ಮೊದಲು ಕೆಂಡದ ಮೇಲೆ ಬಾಯಿಬಿಟ್ಟ ಚಿಪ್ಪಿಕಲ್ಲು, ನಿಂಬೆ, ಬಿಸಿ ತೋರ್ತೀಯ ರೊಟ್ಟಿ. ಜೊತೆಗೆ ಶೆನಿನ್. ಮೊದಲ ಗುಟುಕು ಮನೆಯ ಯಜಮಾನರದು. ಅವರು ಕುಡಿದರು, ಒಂದು ಕ್ಷಣ ದೂರದ ದ್ರಾಕ್ಷಿ ಸಾಲುಗಳ ಕಡೆ ನೋಡಿದರು. "ಕೆಟ್ಟಿಲ್ಲ," ಎಂದರು. ಪದ್ರಿನೊ ಮೇಜಿನಡಿ ಅನಕ್ಲೇತೊನ ತೊಡೆ ಚಿವುಟಿದರು. ಸಮುದ್ರದ ಉಪ್ಪಿಗೂ ನಮ್ಮ ಕಣಿವೆಯ ಬಾವಿನೀರಿನ ಉಪ್ಪಿಗೂ ಅಲ್ಲಿ ಚೆನ್ನಾಗಿ ಹೊಂದಿಕೆಯಾಗಿತ್ತು, ಆದರೆ ಅನಕ್ಲೇತೊನ ಬಾಯಿಗೆ ಏನೂ ರುಚಿಸುತ್ತಿರಲಿಲ್ಲ.

ಆಮೇಲೆ ಮಸಾಲೆ ಹಚ್ಚಿ ಸುಟ್ಟ ಗೌಜಲಹಕ್ಕಿ ಬಂತು. "ಹಕ್ಕಿಗೆ ಯಾವುದು?" ಎಂದರು ದೋನ್ ಕ್ರಿಸ್ಪಿನ್.

"ಇದು," ಎಂದು ಪದ್ರಿನೊ ಒಂದನ್ನು ಎತ್ತಿಕೊಟ್ಟರು. ಕಣ್ಣುಮುಚ್ಚಿ ಚೀಟಿ ಎತ್ತಿದವರ ಧೈರ್ಯ ಅವರಲ್ಲಿತ್ತು.

ದೋನ್ ಕ್ರಿಸ್ಪಿನ್ ಬಿರಡೆ ತೆಗೆದು ಮೂಗಿಗೆ ಹಿಡಿದರು. ಕಣ್ಣು ಮುಚ್ಚಿ ಬಹಳ ಹೊತ್ತು ಮೂಸಿದರು. ಆಮೇಲೆ ತಲೆಯಾಡಿಸಿ ಸುರಿಯತೊಡಗಿದರು. ಅನಕ್ಲೇತೊನಿಗೆ ಹೋದ ಜೀವ ಬಂದಂತಾಯಿತು. ಈ ಮೂಗನ್ನು ದಾಟಿ ವಿನೆಗರ್ ಹೋಗುವುದು ಸಾಧ್ಯವಿಲ್ಲ. ಅಂದರೆ ಇದೇ ನೆಬ್ಬಿಯೋಲೊ. ಅಂದರೆ ಮೇಜಿನ ಮೇಲೆ ಉಳಿದದ್ದು ವಿನೆಗರ್. ಅಂದರೆ ಈಗಲೇ ಅದನ್ನು ಬೀಳಿಸಬೇಕು. ಅವನು ತೋರ್ತೀಯ ತೆಗೆದುಕೊಳ್ಳುವವನಂತೆ ಮೊಣಕೈಯನ್ನು ಮೆಲ್ಲಗೆ ಆ ಬಾಟಲಿಯ ಕಡೆ ಸರಿಸಿದ.

ಅಷ್ಟರಲ್ಲಿ ದೋನ್ ಕ್ರಿಸ್ಪಿನ್ ಲೋಟವೆತ್ತಿ ಒಂದು ದೊಡ್ಡ ಗುಟುಕು ಕುಡಿದರು.

ಕುಡಿದವರು ಹಾಗೆಯೇ ನೆಟ್ಟಗಾದರು. ಕಣ್ಣು ಅಗಲವಾಯಿತು. ಗಂಟಲ ಗಂಟು ಮೇಲೆ ಹೋಗಿ ಅಲ್ಲೇ ನಿಂತಿತು. ಆಮೇಲೆ ಕಣ್ಣಿನಿಂದ ನೀರು ಇಳಿದು ಕೆನ್ನೆಯ ಗೆರೆಗಳಲ್ಲಿ ಹರಿಯಿತು. ಅನಕ್ಲೇತೊನ ಮೊಣಕೈ ಬಾಟಲಿಯಿಂದ ಒಂದು ಬೆರಳು ದೂರದಲ್ಲಿ ನಿಂತುಬಿಟ್ಟಿತು.

"ಇದು," ಎಂದರು ದೋನ್ ಕ್ರಿಸ್ಪಿನ್. ದನಿ ಒಡೆದಿತ್ತು. "ಇದು ವೈನು."

ಮತ್ತೊಂದು ಗುಟುಕು ಕುಡಿದರು. ಮತ್ತೆ ಅತ್ತರು. ಮೂವತ್ತು ವರ್ಷದಲ್ಲಿ ಅವರ ಬಾಯಿಂದ "ಕೆಟ್ಟಿಲ್ಲ" ಎಂಬುದಕ್ಕಿಂತ ದೊಡ್ಡ ಮಾತು ಯಾರೂ ಕೇಳಿರಲಿಲ್ಲ. ಎಲ್ಲರೂ ಭಕ್ತಿಯಿಂದ ಲೋಟ ಎತ್ತಿ ಕುಡಿದರು.

ನಾಬೋರನ ಮುಖ ಒಣಗಿದ ಖರ್ಜೂರದಂತಾಯಿತು. ಪದ್ರಿನೊ ಕೆಮ್ಮಿ, ಕೆಮ್ಮನ್ನು ಅರ್ಧಕ್ಕೆ ನುಂಗಿ, ತಡವಾಗಿ "ಆಹಾ" ಎಂದರು. ಚಿಕ್ಕಮ್ಮ ಶಿಲುಬೆ ಗುರುತು ಹಾಕಿಕೊಂಡಳು. ದೊಮಿತೀಲಾ ಒಂದು ಗುಟುಕು ಕುಡಿದವಳೇ ಬಾಯಿಗೆ ಕರವಸ್ತ್ರ ಒತ್ತಿಕೊಂಡು, ಕುರ್ಚಿ ತಳ್ಳಿ, ಅಡುಗೆಮನೆಗೆ ಓಡಿದಳು. ಅನಕ್ಲೇತೊ ಕುಡಿಯಬೇಕೆಂದೇ ಇರಲಿಲ್ಲ, ತುಟಿಗೆ ತಾಗಿದ್ದೇ ಸಾಕಾಯಿತು. ವಿನೆಗರ್. ವೈನರಿಯ ನೆಲಮಾಳಿಗೆಯ ಬಾಗಿಲ ಹತ್ತಿರ ಜಾಡಿಯಲ್ಲಿ ಕೂತಿರುವ ಅದೇ, ಅಪ್ಪಟ ವಿನೆಗರ್.

ಅವನಿಗೆ ಏನೂ ಅರ್ಥವಾಗಲಿಲ್ಲ. ಮುದುಕರು ಗೇಲಿ ಮಾಡುತ್ತಿದ್ದಾರೆಯೇ? ಅವರು ಗೇಲಿ ಮಾಡುವವರಲ್ಲ. ತನ್ನ ನಾಲಿಗೆಯೇ ಕೆಟ್ಟಿದೆಯೇ? ಹಾಗಾದರೆ ನಾಬೋರನ ಮುಖವೂ ಕೆಟ್ಟಿದೆ.

"ಯಾರು ಮಾಡಿದ್ದು ಇದನ್ನ?" ಎಂದರು ದೋನ್ ಕ್ರಿಸ್ಪಿನ್.

ಪದ್ರಿನೊ ಅವಕಾಶ ಬಿಡುವವರಲ್ಲ. ಎದ್ದು ನಿಂತರು. "ನಮ್ಮ ಹುಡುಗನೇ, ದೋನ್ ಕ್ರಿಸ್ಪಿನ್. ಐದು ವರ್ಷ. ಊಟ ಬಿಟ್ಟು, ನಿದ್ದೆ ಬಿಟ್ಟು, ತನ್ನ ಕೈಯಾರೆ."

ಅನಕ್ಲೇತೊ ಬಾಯಿ ತೆರೆದ. ಪದ್ರಿನೊ ಅವನ ಕಾಲು ತುಳಿದರು. ಮಾತು ಹಿರಿಯರದು.

ದೋನ್ ಕ್ರಿಸ್ಪಿನ್ ಮೇಜಿನಾಚೆಯಿಂದ ಕೈಚಾಚಿ ಅನಕ್ಲೇತೊನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅದನ್ನು ಕಂಡು ಅನಕ್ಲೇತೊನಿಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು, ತಲೆ ಪೂರ್ತಿ ಕೆಟ್ಟಿತು.

ದೋನ್ ಕ್ರಿಸ್ಪಿನ್ ಒಮ್ಮೆ ಎದ್ದು ಒಳಗೆ ಹೋಗಿ ಬಂದರು. ಗುಂಡಿಯಿಂದ ಕುರಿಮರಿ ಬಂತು. ದೊಮಿತೀಲಾ ಇನ್ನೂ ಒಳಗೇ ಇದ್ದಳು. ಮನೆಯ ಹೆಂಗಸರ ಕುರ್ಚಿ ಖಾಲಿ ಬಿಡಬಾರದೆಂದೋ, ಬೀಗರೊಡನೆ ನಾಲ್ಕು ಒಳ್ಳೆಯ ಮಾತಾಡಬೇಕೆಂದೋ, ಚಿಕ್ಕಮ್ಮ ಎದ್ದು ಹೋಗಿ ಅವಳ ಜಾಗದಲ್ಲಿ ಕೂತಳು. ದೋನ್ ಕ್ರಿಸ್ಪಿನ್ ಕೊನೆಯ ಬಾಟಲಿ ತೆಗೆದರು. ಗುಲಾಬಿ ದಳ ಹೊಸಕಿದಂಥ, ಮಳೆಬಿದ್ದ ಮಣ್ಣಿನಂಥ ಪರಿಮಳ ಮೇಜಿನ ತುಂಬ ಹರಡಿತು. ಅನಕ್ಲೇತೊ ಐದು ವರ್ಷ ಕಾದ ಪರಿಮಳ. ಅವನ ಎದೆ ತುಂಬಿ ಬಂತು. ವಿನೆಗರಿಗೇ ಅತ್ತವರು ಇದಕ್ಕೆ ಏನು ಮಾಡುತ್ತಾರೋ ಎಂದುಕೊಂಡ.

ಅವರು ಒಂದು ಗುಟುಕು ಕುಡಿದರು. ಬಾಯಲ್ಲಿಟ್ಟುಕೊಂಡು ಕಾದರು. ಏನನ್ನೋ ಎದುರು ನೋಡುವವರಂತೆ ಎಡಕ್ಕೆ ಸ್ವಲ್ಪ ವಾಲಿದರು. ಮತ್ತೂ ಕಾದರು. ಇದ್ದಕ್ಕಿದ್ದಂತೆ ಚಿಕ್ಕಮ್ಮನ ಮುಖ ಕೆಂಪಾಯಿತು. ಮೇಜು ಒಮ್ಮೆ ಜೋರಾಗಿ ಅಲುಗಿ ಲೋಟಗಳೆಲ್ಲ ಗಲಗಲ ಎಂದವು. ದೋನ್ ಕ್ರಿಸ್ಪಿನ್ ನೋವಿನಿಂದ ಮುಖ ಹಿಂಡಿ, ಬಾಯಲ್ಲಿದ್ದುದನ್ನು ನುಂಗಿ, ಲೋಟವನ್ನು ನಿಧಾನವಾಗಿ ನೆಲಕ್ಕೆ ಬಗ್ಗಿಸಿದರು.

ಐದು ವರ್ಷ ಓಕ್ ಮರದ ಬುಡದಲ್ಲಿ ಇಂಗಿಹೋಯಿತು.

"ಇದು ನೀರು," ಎಂದರು. "ಅದನ್ನ ಮಾಡಿದ ಕೈ ಇದನ್ನ ಮಾಡಿರೋಕೆ ಸಾಧ್ಯವಿಲ್ಲ."

"ಇಲ್ಲ ಇಲ್ಲ, ಇದು ಅಂಗಡೀದು," ಎಂದರು ಪದ್ರಿನೊ. "ಹೋಲಿಕೆಗಿರಲಿ ಅಂತ ತಂದ್ವಿ."

ನಾಬೋರ್ ಮಾತ್ರ ಲೋಟ ಬಗ್ಗಿಸಲಿಲ್ಲ. ಕುರಿಯ ತುಂಡೊಂದನ್ನು ಬಾಯಿಗಿಟ್ಟು, ಅದರ ಮೇಲೆ ಆ ವೈನನ್ನು ಕುಡಿದು, ಕಣ್ಣುಮುಚ್ಚಿ ಕೂತ. "ಹೌದು, ಬರೀ ನೀರು," ಎಂದು ಬಾಟಲಿಯನ್ನು ತನ್ನ ಕಡೆಗೆ ಸರಿಸಿಕೊಂಡ.

ದೋನ್ ಕ್ರಿಸ್ಪಿನ್ ಎದ್ದು ನಿಂತು ತೀರ್ಪು ಹೇಳಿದರು. "ಹುಡುಗಿ ಕೊಟ್ಟೆ. ಅಕ್ಟೋಬರದಲ್ಲಿ ಮದುವೆ. ಆದ್ರೆ ಒಂದು ಮಾತು. ಮದುವೆ ದಿನ ಊರಿಗೆಲ್ಲ ಹಕ್ಕಿಗೆ ತಂದ ಆ ವೈನು, ಒಂದು ಪೀಪಾಯಿ. ಅದಲ್ದೆ ಬೇರೆ ಒಂದು ತೊಟ್ಟು ಕಂಡ್ರೂ ಮದುವೆ ಇಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಚಿಕ್ಕಮ್ಮ ಮಾತ್ರ ಅನಕ್ಲೇತೊನನ್ನು ಪಕ್ಕಕ್ಕೆಳೆದು ಪಿಸುಗುಟ್ಟಿದಳು. "ಮದುವೆ ಆದ್ಮೇಲೆ ನಾನೀ ಮನೆಗೆ ಕಾಲಿಡಲ್ಲ ಕಣೋ. ಆ ಮುದುಕ ಮೇಜಿನಡಿ ಕಾಲಲ್ಲಿ ನನ್ನ ಕಾಲು ತಡವ್ತಾನೆ, ಈ ವಯಸ್ಸಿಗೆ. ಬೂಟಿನ ತುದೀಲಿ ಒಂದು ಬಿಟ್ಟೆ ನೋಡು."

ಅನಕ್ಲೇತೊ ಹಿತ್ತಿಲಿಗೆ ಹೋದ. ದೊಮಿತೀಲಾ ಅಲ್ಲಿ ಬೋರ್ವೆಲ್ಲಿನ ಹತ್ತಿರ ಬಾಯಿ ಮುಕ್ಕಳಿಸುತ್ತಿದ್ದಳು. ಕಣ್ಣು ಕೆಂಪಾಗಿತ್ತು, ಕೆಮ್ಮಿಯೋ ನಕ್ಕೋ ಹೇಳಲಾಗುತ್ತಿರಲಿಲ್ಲ.

"ಏನೋ ಅದು, ಕ್ಲೇತೊ? ನನ್ನ ಸಾಯಿಸ್ಬೇಕು ಅಂತಿದ್ಯಾ?"

"ನಿಮ್ಮಪ್ಪ ಅದನ್ನ ಹೊಗಳಿದ್ರಲ್ಲ, ಅದನ್ನ ಹೇಳು ಮೊದಲು. ನನ್ನ ನಿಜವಾದ ವೈನನ್ನ ನೆಲಕ್ಕೆ ಚೆಲ್ಲಿದ್ರು."

ದೊಮಿತೀಲಾಳ ಮುಖದ ನಗು ಆರಿತು. ಸುತ್ತ ನೋಡಿದಳು. "ಯಾರಿಗೂ ಹೇಳ್ಬೇಡ. ಅಪ್ಪಂಗೆ ವಾಸನೆನೂ ಇಲ್ಲ, ರುಚಿನೂ ಇಲ್ಲ. ಎರಡು ವರ್ಷದ ಹಿಂದೆ ಜ್ವರ ಬಂದಿತ್ತಲ್ಲ, ಅದರ ಜೊತೆ ಹೋಯ್ತು. ಊರಿಗೆ ಗೊತ್ತಾದ್ರೆ ಅಪ್ಪ ಬದುಕಲ್ಲ. ಹಬ್ಬದಲ್ಲಿ ನಾನು ಲೋಟ ತೊಳೆಯೋ ನೆಪದಲ್ಲಿ ಮೊದಲು ರುಚಿ ನೋಡ್ತೀನಿ, ಮೇಜಿನಡಿ ಅವರ ಕಾಲು ಮುಟ್ಟಿ ಹೇಳ್ತೀನಿ. ಮೆಲ್ಲಗೆ ತಟ್ಟಿದ್ರೆ ಒಳ್ಳೇದು, ಒದ್ರೆ ಕೆಟ್ಟದ್ದು. ಇವತ್ತು ನೀನೇನು ತಂದ್ರೂ ತಟ್ಟೋದು ಅಂತಾನೇ ಕೂತಿದ್ದೆ."

ಅನಕ್ಲೇತೊ ಚಿಕ್ಕಮ್ಮನ ಬೂಟನ್ನು ನೆನೆದು ಹಣೆ ಚಚ್ಚಿಕೊಂಡ. ಬೂಟಿನದೂ ಉಪ್ಪಿನಕಾಯಿ ವಿನೆಗರಿನದೂ ವಿಷಯ ಕೇಳಿ ದೊಮಿತೀಲಾಳೂ ಹಣೆ ಚಚ್ಚಿಕೊಂಡಳು.

"ಸರಿ," ಎಂದ ಅವನು. "ಹಂಗಾದ್ರೆ ಸುಲಭ ಅಲ್ವಾ. ಮದುವೆಗೆ ನನ್ನ ನೆಬ್ಬಿಯೋಲೊ ತರ್ತೀನಿ, ನೀನು ಮೆಲ್ಲಗೆ ತಟ್ಟು. ಅವರಿಗೇನು ಗೊತ್ತಾಗುತ್ತೆ?"

"ಗೊತ್ತಾಗುತ್ತೆ." ಅವಳ ದನಿ ಸಣ್ಣದಾಯಿತು. "ನಾನು ತಟ್ಟಿದ್ದಕ್ಕೆ ಅಪ್ಪ ಅತ್ತಿದ್ದಲ್ಲ ಕ್ಲೇತೊ. ಆಗಲೇ ಅಡುಗೆಮನೆಗೆ ಬಂದು ನನ್ನ ತಬ್ಕೊಂಡ್ರು. ಎರಡು ವರ್ಷದಲ್ಲಿ ಮೊದಲನೇ ಸಲ ಗಂಟಲಿಗೆ ಏನೋ ತಾಗ್ತು ಮಗಳೇ, ಚುರ್ ಅಂತು, ನಾಲಿಗೆ ವಾಪಸ್ ಬರ್ತಿದೆ ಅಂದ್ರು. ನಾನೆಂಗೆ ಹೇಳ್ಲಿ ಅದು ಉಪ್ಪಿನಕಾಯಿದು ಅಂತ? ನೀನು ಹೇಳ್ತೀಯಾ?"

ಅನಕ್ಲೇತೊ ಅಂಗಳದ ಕಡೆ ನೋಡಿದ. ದೋನ್ ಕ್ರಿಸ್ಪಿನ್ ವಿನೆಗರಿನ ಬಾಟಲಿಯ ಕೊನೆಯ ತೊಟ್ಟುಗಳನ್ನು ಲೋಟಕ್ಕೆ ಬಸಿದುಕೊಂಡು, ಹಬ್ಬದ ದಿನದ ಹುಡುಗನಂತೆ ನಗುತ್ತಿದ್ದರು. ಹೇಳುವ ಧೈರ್ಯ ಅವನಿಗೂ ಇರಲಿಲ್ಲ.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ದೋನ್ಯಾ ಲಿಯೊನೋರ್ ಪೇಟೆಯಿಂದ ಬಂದು ನೆಲಮಾಳಿಗೆಯ ಬೀಗ ತೆಗೆದಳು. ಅನಕ್ಲೇತೊ ಬಾಗಿಲಲ್ಲೇ ಕೂತಿದ್ದ. ಅವನ ಹಿಂದೆ ಪದ್ರಿನೊ ಬೌದೇಲಿಯೊ ಮತ್ತು ನಾಬೋರ್ ಖಾಲಿ ಕ್ಯಾನು ಹಿಡಿದು ನಿಂತಿದ್ದರು. ಎಲ್ಲವನ್ನೂ ಕೇಳಿ ಆಕೆ ಮೊದಲು ನಕ್ಕಳು, ಅವನ ಮುಖ ನೋಡಿ ನಗು ನಿಲ್ಲಿಸಿದಳು.

"ನನ್ನ ಹತ್ರ ಇರೋದು ಒಂದು ಜಾಡಿ ವಿನೆಗರ್. ಊರಿಗೆ ಕುಡಿಸೋಕೆ ಒಂದು ಪೀಪಾಯಿ ಬೇಕು. ನನ್ನ ವೈನು ಯಾವುದನ್ನೂ ನಾನು ಕೆಡಿಸೋಕೆ ಕೊಡಲ್ಲಪ್ಪ, ಎಲ್ಲ ಮಾರಿ ಆಗಿದೆ. ಹುಳಿ ಮಾಡೋದಾದ್ರೆ ಇರೋದು ನಿನ್ನ ಪೀಪಾಯಿ ಒಂದೇ. ನಿನಗೆ ಬಿಟ್ಟದ್ದು."

"ಹುಳಿಯಾಗೋ ಮುಂಚೆ ಒಂದೆರಡು ಕ್ಯಾನು ನಾವು ತಗೊಂಡು ಹೋದ್ರೆ ನಷ್ಟ ಕಡಿಮೆ ಆಗುತ್ತಲ್ವಾ?" ಎಂದ ನಾಬೋರ್. ದೋನ್ಯಾ ಲಿಯೊನೋರ್ ಪೊರಕೆಗೆ ಕೈಹಾಕಿದಳು. ಇಬ್ಬರೂ ಹೊರಟುಹೋದರು.

ಅನಕ್ಲೇತೊ ಮೂಲೆಯ ಪೀಪಾಯಿಯ ಹತ್ತಿರ ಹೋಗಿ ನಿಂತ. ಐದು ವರ್ಷ ಪ್ರತಿ ದಿನ ಬೀಗ ಹಾಕುವ ಮುನ್ನ ಅದರ ಮೇಲೆ ಕೈಯಿಟ್ಟು ಅವನು ಒಂದೇ ಮಾತು ಬೇಡಿಕೊಂಡಿದ್ದ, ಕೆಡದಿರಲಿ ಎಂದು. ಇವತ್ತೂ ಕೈಯಿಟ್ಟ. ಏನೆಂದು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ. ಆಮೇಲೆ ಬಾಯಿಬಿರಡೆ ಕಿತ್ತ. ದೋನ್ಯಾ ಲಿಯೊನೋರ್ ಜಾಡಿಯಿಂದ ಹುಳಿಯ ಹೆಪ್ಪನ್ನು, ದೋಸೆಯಂತೆ ಲೋಳೆಲೋಳೆಯಾಗಿದ್ದ ಅದನ್ನು, ಎತ್ತಿ ಅವನ ಕೈಗೆ ಕೊಟ್ಟಳು. ಹಾಲಿಗೆ ಹೆಪ್ಪು ಬಿಡುವಂತೆ ಅವನು ಅದನ್ನು ಒಳಗೆ ಬಿಟ್ಟ. ಪ್ಲುಕ್ ಎಂದು ಸಣ್ಣ ಸದ್ದಾಯಿತು. ಅವನ ಕಣ್ಣಲ್ಲಿ ನೀರು ನಿಂತಿತ್ತು.

"ಅಕ್ಟೋಬರಿಗೆ ಆಗುತ್ತಾ, ದೋನ್ಯಾ?"

ಆಕೆ ಕೊಳವೆ ಇಳಿಬಿಟ್ಟು ಸ್ವಲ್ಪ ವೈನೆಳೆದು ಲೋಟಕ್ಕೆ ಹಾಕಿದಳು. ಮೂಸಿದಳು. ಕುಡಿದಳು. ಲೋಟದ ತಳದಲ್ಲಿದ್ದುದನ್ನೂ ಬಿಡದೆ ಕುಡಿದು ತುಟಿ ಒರೆಸಿಕೊಂಡಳು.

"ಕಷ್ಟ ಕಣಪ್ಪ," ಎಂದಳು. "ಒಂದು ವರ್ಷ ಹಿಡಿದರೂ ಹಿಡೀತು. ತುಂಬಾ ಚೆನ್ನಾಗಿ ಮಾಡಿಬಿಟ್ಟಿದೀಯ."